ಕಿಟಕಿಯಿಂದ ಬಿದ್ದ ಗಂಟು: ಕ್ರಿಸ್‌ಮಸ್ ತಾತನ ಮೂಲ



ದತ್ತಿ ಉಪನ್ಯಾಸದ ವೇದಿಕೆಯಲ್ಲಿ ನಿಂತಾಗ ಮೊದಲು ನೆನಪಾಗುವುದು ಕೊಟ್ಟವರು. ತಾವು ದುಡಿದದ್ದರಲ್ಲಿ ಒಂದು ಪಾಲನ್ನು ಮುಂದಿನವರ ತಿಳಿವಳಿಕೆಗೆಂದು ಇಟ್ಟುಹೋದವರ ಋಣದಲ್ಲಿ ನಾವು ಇಲ್ಲಿ ಕೂತಿದ್ದೇವೆ. ಆದ್ದರಿಂದ ಕೊಡುವವನೊಬ್ಬನ ಕಥೆಯನ್ನೇ ಇಂದಿನ ವಿಷಯವಾಗಿ ಆರಿಸಿಕೊಂಡೆ. ಡಿಸೆಂಬರಿನಲ್ಲಿ ನಮ್ಮ ಮಕ್ಕಳು ಕೆಂಪು ಅಂಗಿ, ಬಿಳಿ ಗಡ್ಡ, ಬೆನ್ನ ಮೇಲೊಂದು ಮೂಟೆ ಬರೆದು ಬಣ್ಣ ತುಂಬುತ್ತಾರಲ್ಲ, ಆ ಕ್ರಿಸ್‌ಮಸ್ ತಾತನ ಕಥೆ. ಅವನು ಎಲ್ಲಿಂದ ಬಂದ? ಯಾರು ಅವನನ್ನು ಹೀಗೆ ಮಾಡಿದರು? ನಮ್ಮ ನೆಲಕ್ಕೂ ಅವನ ಮೂಲಕಥೆಗೂ ಏನಾದರೂ ನಂಟಿದೆಯೇ?

ಮಾತನ್ನು ನಾಲ್ಕು ಭಾಗವಾಗಿ ಹಂಚಿಕೊಂಡಿದ್ದೇನೆ. ಮೊದಲನೆಯದು, ಇತಿಹಾಸದಲ್ಲಿ ಇದ್ದ ವ್ಯಕ್ತಿ. ಎರಡನೆಯದು, ಅವನನ್ನು ದಾನಿಯನ್ನಾಗಿ ಮಾಡಿದ ಒಂದೇ ಒಂದು ಕಥೆ. ಮೂರನೆಯದು, ಆ ಕಥೆ ಸಮುದ್ರ ದಾಟಿ ಯುರೋಪು, ಅಮೆರಿಕ ಸುತ್ತಿ ಬಂದ ದಾರಿ. ಕೊನೆಯದು, ಬೆಂಗಳೂರಿಗೆ ಅವನು ಬಂದ ಬಗೆ ಮತ್ತು ಕೊಡುವುದರ ಬಗ್ಗೆ ನಮ್ಮಲ್ಲಿ ಮೊದಲಿನಿಂದ ಇದ್ದ ತಿಳಿವು.

ಈಗ ಮೊದಲ ಭಾಗ. ಇಂದಿನ ತುರ್ಕಿಯ ದಕ್ಷಿಣ ಕರಾವಳಿಯಲ್ಲಿ, ಅಂತಾಲ್ಯ ಪ್ರಾಂತ್ಯದಲ್ಲಿ ದೆಮ್ರೆ ಎಂಬ ಊರಿದೆ. ಹಳೆಯ ಕಾಲದಲ್ಲಿ ಇದು ಲಿಸಿಯಾ ನಾಡಿನ ಮೈರಾ ಪಟ್ಟಣ. ನಾಲ್ಕನೆಯ ಶತಮಾನದಲ್ಲಿ ಇಲ್ಲಿ ನಿಕೋಲಾಸ ಎಂಬ ಧರ್ಮಾಧ್ಯಕ್ಷನಿದ್ದ. ಹತ್ತಿರದ ಪತಾರದಲ್ಲಿ ಹುಟ್ಟಿದನೆಂದೂ ಕ್ರಿ.ಶ. 343ರ ಸುಮಾರಿಗೆ ಡಿಸೆಂಬರ್ 6ರಂದು ತೀರಿಕೊಂಡನೆಂದೂ ಸಂಪ್ರದಾಯ ಹೇಳುತ್ತದೆ. ಅವನು ಬರೆದದ್ದೇನೂ ಉಳಿದಿಲ್ಲ. ಅವನನ್ನು ಕಣ್ಣಾರೆ ಕಂಡವರು ಬರೆದದ್ದೂ ಇಲ್ಲ. ಆದರೆ ಆರನೆಯ ಶತಮಾನದ ಹೊತ್ತಿಗೆ ಅವನ ಹೆಸರು ಎಷ್ಟು ದೊಡ್ಡದಾಗಿತ್ತೆಂದರೆ, ಚಕ್ರವರ್ತಿ ಜಸ್ಟಿನಿಯನ್ ರಾಜಧಾನಿ ಕಾನ್‌ಸ್ಟಾಂಟಿನೋಪಲಿನಲ್ಲಿ ಅವನ ಹೆಸರಿನ ದೇವಾಲಯವನ್ನು ಕಟ್ಟಿಸಿದ.

ಅವನ ಬಗ್ಗೆ ಉಳಿದಿರುವ ಅತಿ ಹಳೆಯ ಕಥೆ ಉಡುಗೊರೆಯದಲ್ಲ, ನ್ಯಾಯದ್ದು ಎಂಬುದನ್ನು ತಾವು ಗಮನಿಸಬೇಕು. ಲಂಚ ತಿಂದ ಅಧಿಕಾರಿಯೊಬ್ಬ ಮೂವರು ನಿರಪರಾಧಿಗಳಿಗೆ ಮರಣದಂಡನೆ ವಿಧಿಸುತ್ತಾನೆ. ಸುದ್ದಿ ತಿಳಿದ ನಿಕೋಲಾಸ ವಧಾಸ್ಥಾನಕ್ಕೆ ಓಡಿಬಂದು ವಧಕಾರನ ಕೈಯಿಂದ ಕತ್ತಿ ಕಿತ್ತುಕೊಳ್ಳುತ್ತಾನೆ. ಅದನ್ನು ಕಂಡಿದ್ದ ಮೂವರು ಸೇನಾಧಿಕಾರಿಗಳು ಮುಂದೆ ತಾವೇ ಸುಳ್ಳು ಆಪಾದನೆಗೆ ಸಿಕ್ಕು ಸೆರೆಮನೆಯಲ್ಲಿ ಅವನನ್ನು ನೆನೆದಾಗ, ಅವನು ಚಕ್ರವರ್ತಿಯ ಕನಸಿನಲ್ಲಿ ಕಾಣಿಸಿಕೊಂಡು ಗದರಿಸುತ್ತಾನೆ. ಜನ ಮೊದಲು ಅವನನ್ನು ನೆನೆದದ್ದು ದಿಕ್ಕಿಲ್ಲದವರ ಪರವಾಗಿ ಅಧಿಕಾರಕ್ಕೆ ಎದುರು ನಿಂತವನೆಂದು.

ಇನ್ನೊಂದು ಕಥೆ ಆ ಊರಿನ ಭೂಗೋಳದಿಂದಲೇ ಹುಟ್ಟಿದೆ. ಮೈರಾದ ರೇವು ಆಂದ್ರಿಯಾಕೆ. ಈಜಿಪ್ಟಿನ ಅಲೆಕ್ಸಾಂಡ್ರಿಯದಿಂದ ಗೋಧಿ ಹೊತ್ತ ಹಡಗುಗಳು ಈ ಕರಾವಳಿಯಲ್ಲಿ ನಿಂತು ಮುಂದೆ ಹೋಗುತ್ತಿದ್ದವು. ಸೆರೆಯಾಳಾಗಿ ರೋಮಿಗೆ ಹೊರಟಿದ್ದ ಸಂತ ಪೌಲ ಮೈರಾದಲ್ಲೇ ಅಲೆಕ್ಸಾಂಡ್ರಿಯದ ಹಡಗು ಹತ್ತಿದನೆಂದು ಬೈಬಲಿನ ಪ್ರೇಷಿತರ ಕಾರ್ಯಗಳು ಎಂಬ ಭಾಗ ಹೇಳುತ್ತದೆ. ರೋಮನ್ ಚಕ್ರವರ್ತಿ ಹೇಡ್ರಿಯನನ ಕಾಲದ ಕಲ್ಲಿನ ಕಣಜ ಇಂದಿಗೂ ಅಲ್ಲಿ ನಿಂತಿದೆ, ಈಗ ವಸ್ತುಸಂಗ್ರಹಾಲಯವಾಗಿದೆ. ಬರಗಾಲವೊಂದರಲ್ಲಿ ನಿಕೋಲಾಸ ಈ ರೇವಿಗೆ ಬಂದು, ಒಂದೊಂದು ಹಡಗಿನಿಂದಲೂ ಇಷ್ಟಿಷ್ಟು ಗೋಧಿ ಇಳಿಸಿಕೊಡಿ ಎಂದು ನಾವಿಕರನ್ನು ಬೇಡಿದನಂತೆ. ರಾಜಧಾನಿಯಲ್ಲಿ ಅಳೆದು ಒಪ್ಪಿಸಬೇಕಾದ ಸರ್ಕಾರಿ ಧಾನ್ಯ ಅದು. ಅವರು ಹೆದರುತ್ತಲೇ ಕೊಟ್ಟರು, ಅಲ್ಲಿ ಹೋಗಿ ಅಳೆದರೆ ಒಂದು ಕಾಳೂ ಕಡಿಮೆಯಾಗಿರಲಿಲ್ಲ. ಇಲ್ಲಿಯೂ ಹಸಿದವರ ಪಾಲನ್ನು ಅಧಿಕಾರದ ಲೆಕ್ಕದಿಂದ ಬಿಡಿಸಿಕೊಡುವವನು ಅವನೇ.

ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಷಯ ಇದೆ. ಅದೇ ಪ್ರಾಂತ್ಯದಲ್ಲಿ ಆರನೆಯ ಶತಮಾನದಲ್ಲಿ ಸಿಯೋನ್ ಮಠದ ಇನ್ನೊಬ್ಬ ನಿಕೋಲಾಸನಿದ್ದ. ಮುಂದಿನ ಚರಿತ್ರೆಕಾರರು ಅವನ ಬದುಕಿನ ಎಷ್ಟೋ ಘಟನೆಗಳನ್ನು ಮೈರಾದ ನಿಕೋಲಾಸನಿಗೆ ಸೇರಿಸಿಬಿಟ್ಟರು. ಆದ್ದರಿಂದ ನಾವು ಸಂತರ ಚರಿತ್ರೆಗಳನ್ನು ಓದುವಾಗ ಎರಡು ಪ್ರಶ್ನೆ ಕೇಳಬೇಕು: ಇದು ನಡೆಯಿತೇ ಎಂಬುದು ಒಂದು, ಜನ ಇದನ್ನು ಯಾಕೆ ಇಷ್ಟು ಪ್ರೀತಿಯಿಂದ ಉಳಿಸಿಕೊಂಡರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗದಿದ್ದರೂ ಎರಡನೆಯದರ ಉತ್ತರಕ್ಕೆ ಬೆಲೆ ಇದೆ.

ಈ ಮಾತಿನೊಂದಿಗೆ ಎರಡನೆಯ ಭಾಗಕ್ಕೆ ಬರುತ್ತೇನೆ. ಒಂಬತ್ತನೆಯ ಶತಮಾನದಲ್ಲಿ ಮೈಕೇಲ್ ಎಂಬ ಮಠಾಧಿಪತಿ ಗ್ರೀಕ್ ಭಾಷೆಯಲ್ಲಿ ನಿಕೋಲಾಸನ ಪೂರ್ಣ ಚರಿತ್ರೆ ಬರೆದ. ಮೂವರು ಹೆಣ್ಣುಮಕ್ಕಳ ಕಥೆ ವಿಸ್ತಾರವಾಗಿ ಬರುವುದು ಅಲ್ಲಿ. ಇದನ್ನು ನಿಧಾನವಾಗಿ ಹೇಳಬೇಕು. ಕ್ರಿಸ್‌ಮಸ್ ತಾತನ ಬೇರು ಇರುವುದು ಇಲ್ಲೇ.

ಒಂದು ಕಾಲಕ್ಕೆ ಅನುಕೂಲಸ್ಥನಾಗಿದ್ದ ಮನೆಯ ಯಜಮಾನ ಎಲ್ಲವನ್ನೂ ಕಳೆದುಕೊಂಡಿದ್ದಾನೆ. ಮನೆಯಲ್ಲಿ ಮದುವೆಗೆ ಬಂದ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆಗೆ ಕಾಸಿಲ್ಲ, ಕೇಳಿಕೊಂಡು ಬರುವವರಿಲ್ಲ. ಹೊಟ್ಟೆಪಾಡಿಗೆ ಬೇರೆ ದಾರಿ ಕಾಣದೆ ಮಕ್ಕಳ ಮೈ ಮಾರುವ ಯೋಚನೆಗೆ ತಂದೆ ಬಂದು ಮುಟ್ಟಿದ್ದಾನೆ. ನಿಕೋಲಾಸ ಆಗಿನ್ನೂ ಧರ್ಮಾಧ್ಯಕ್ಷನಲ್ಲ. ತಂದೆತಾಯಿ ತೀರಿಕೊಂಡು ಆಸ್ತಿಗೆ ಒಡೆಯನಾದ ತರುಣ. ನಡುರಾತ್ರಿ ಚಿನ್ನದ ನಾಣ್ಯಗಳ ಗಂಟೊಂದನ್ನು ಆ ಮನೆಯ ಕಿಟಕಿಯಿಂದ ಒಳಗೆಸೆದು ಹಿಂದಿರುಗಿ ನೋಡದೆ ಹೋಗುತ್ತಾನೆ. ಬೆಳಗ್ಗೆ ಎದ್ದ ತಂದೆ ಕಣ್ಣೀರಿಡುತ್ತಾನೆ, ಹಿರಿಯ ಮಗಳ ಮದುವೆ ಮಾಡುತ್ತಾನೆ. ಆ ಹಣ ಸರಿಯಾದ ದಾರಿಗೆ ಸಂದಿತೆಂದು ತಿಳಿದ ಮೇಲೆ ನಿಕೋಲಾಸ ಎರಡನೆಯ ಗಂಟು ಹಾಕುತ್ತಾನೆ. ಮೂರನೆಯ ಸಲ ತಂದೆ ನಿದ್ದೆಗೆಟ್ಟು ಕಾದಿರುತ್ತಾನೆ. ಗಂಟು ಬಿದ್ದ ಸದ್ದಿಗೆ ಹೊರಗೋಡಿ, ಕತ್ತಲಲ್ಲಿ ಬೆನ್ನಟ್ಟಿ, ಕೊಟ್ಟವನನ್ನು ಹಿಡಿದು ಕಾಲಿಗೆ ಬೀಳುತ್ತಾನೆ. ನಿಕೋಲಾಸ ಅವನನ್ನು ಎಬ್ಬಿಸಿ ಒಂದೇ ಒಂದು ಮಾತು ಪಡೆಯುತ್ತಾನೆ: ನಾನು ಬದುಕಿರುವವರೆಗೆ ಯಾರಿಗೂ ಹೇಳಕೂಡದು.

ಇಲ್ಲಿ ಮೂರು ಸಂಗತಿಗಳಿವೆ. ಒಂದು, ಗುಟ್ಟು. ಊರಿಗೆಲ್ಲ ತಿಳಿಯುವಂತೆ ಕೊಟ್ಟಿದ್ದರೆ ಆ ಹೆಣ್ಣುಮಕ್ಕಳು ಜೀವನಪೂರ್ತಿ ಧರ್ಮದ ಹಣದಲ್ಲಿ ಮದುವೆಯಾದವರೆಂಬ ಮಾತು ಕೇಳಬೇಕಿತ್ತು. ಕೊಟ್ಟವನ ಹೆಸರು ಮರೆಯಾದ್ದರಿಂದ ಪಡೆದವರ ಮಾನ ಉಳಿಯಿತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಮ್ಮ ಮನೆಗಳಲ್ಲಿ ಗಾದೆಯಂತೆ ಹೇಳುತ್ತೇವೆ. ಅದೇ ಉಪದೇಶ ಮತ್ತಾಯನ ಸುವಾರ್ತೆಯ ಪರ್ವತ ಪ್ರಸಂಗದಲ್ಲಿದೆ. ಎರಡು, ಹೊತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಆ ಗಂಟಿಗೆ ಅರ್ಥವಿರುತ್ತಿರಲಿಲ್ಲ. ಮೂರು, ಯೋಗ್ಯತೆಯ ಪರೀಕ್ಷೆ ಇಲ್ಲದಿರುವುದು. ಹಣ ಏನಾಯಿತೆಂದು ತಂದೆಯನ್ನು ಗಮನಿಸಿದನೇ ಹೊರತು ಆ ಹುಡುಗಿಯರು ಒಳ್ಳೆಯವರೋ ಕೆಟ್ಟವರೋ ಎಂದು ಅವನು ಕೇಳಲಿಲ್ಲ. ಅವರಿಗೆ ಕಷ್ಟ ಬಂದಿದೆ ಎಂಬುದೇ ಸಾಕಾಯಿತು.

ರಾತ್ರಿಯ ಹೊತ್ತು, ಮಲಗಿರುವ ಮನೆ, ಬಾಗಿಲಿನಿಂದಲ್ಲದೆ ಬೇರೆ ದಾರಿಯಿಂದ ಒಳಗೆ ಬೀಳುವ ಉಡುಗೊರೆ, ಕಣ್ಣಿಗೆ ಬೀಳದ ದಾನಿ: ಇಂದಿನ ಕ್ರಿಸ್‌ಮಸ್ ತಾತನ ಲಕ್ಷಣಗಳೆಲ್ಲ ಈ ಗುಟ್ಟಿನ ಕುರುಹುಗಳೇ. ಮುಂದಿನ ಹೇಳಿಕೆಗಳಲ್ಲಿ ಕಿಟಕಿಯ ಜಾಗಕ್ಕೆ ಹೊಗೆಗೂಡು ಬಂತು. ಚಿತ್ರಕಾರರ ಕೈಯಲ್ಲಿ ಮೂರು ಗಂಟುಗಳು ಮೂರು ಚಿನ್ನದ ಗುಂಡುಗಳಾದವು.

ಈಗ ಮೂರನೆಯ ಭಾಗ, ಕಥೆಯ ಪ್ರಯಾಣ. 1071ರ ಮಾಂಜಿಕರ್ಟ್ ಯುದ್ಧದ ನಂತರ, ಮೈರಾ ಸೇರಿದ್ದ ಅನಟೋಲಿಯ ನಾಡು ಸೆಲ್ಜುಕ್ ತುರ್ಕರ ವಶವಾಗತೊಡಗಿತು. 1087ರಲ್ಲಿ ಇಟಲಿಯ ಬಾರಿ ಪಟ್ಟಣದ ನಾವಿಕರು ಮೈರಾಕ್ಕೆ ಬಂದು ಸಮಾಧಿ ಒಡೆದು ಸಂತನ ಎಲುಬುಗಳನ್ನು ತಮ್ಮೂರಿಗೆ ಒಯ್ದರು. ಅಲ್ಲಿ ಕಟ್ಟಿದ ದೇವಾಲಯದ ನೆಲಮಾಳಿಗೆಯಲ್ಲಿ 1089ರಲ್ಲಿ ಪೋಪ್ ಎರಡನೆಯ ಅರ್ಬನ್ ಅವುಗಳನ್ನು ಪ್ರತಿಷ್ಠಾಪಿಸಿದ. 1953ರಲ್ಲಿ ದುರಸ್ತಿಗೆಂದು ಆ ಸಮಾಧಿ ತೆರೆದಾಗ ಅಂಗರಚನಾ ತಜ್ಞ ಲುಯಿಜಿ ಮಾರ್ತಿನೋ ಎಲುಬುಗಳನ್ನು ಅಳೆದು ಚಿತ್ರ ಮಾಡಿಕೊಂಡರು. ಆ ಅಳತೆಗಳಿಂದ ಬ್ರಿಟನ್ನಿನ ವಿಜ್ಞಾನಿಗಳು ಮುಖವನ್ನು ಮರುರೂಪಿಸಿದಾಗ, ಒಮ್ಮೆ ಮುರಿದು ಕೂಡಿಕೊಂಡ ಮೂಗಿನ ಮುದುಕನೊಬ್ಬ ಕಾಣಿಸಿದ.

ನಾವಿಕರ ರಕ್ಷಕನಾದ್ದರಿಂದ ಅವನ ಕಥೆ ಬಂದರಿನಿಂದ ಬಂದರಿಗೆ ಹೋಯಿತು. ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮಿಗೆ ಅವನೇ ಪಾಲಕ ಸಂತ. ಉಟ್ರೆಕ್ಟ್ ಪಟ್ಟಣದ ಅವನ ದೇವಾಲಯದಲ್ಲಿ 1427ರಷ್ಟು ಹಿಂದೆಯೇ ಜನ ಹಬ್ಬದ ಹಿಂದಿನ ದಿನ ಪಾದರಕ್ಷೆ ಇಡುತ್ತಿದ್ದರು. ಉಳ್ಳವರು ಅದರೊಳಗೆ ಏನಾದರೂ ಹಾಕುವುದು, ಡಿಸೆಂಬರ್ 6ರಂದು ಅದನ್ನು ಬಡವರಿಗೆ ಹಂಚುವುದು. ಇಂದು ಮಕ್ಕಳು ನೇತುಹಾಕುವ ಕಾಲುಚೀಲಕ್ಕೂ ಮೊದಲು ಬಡವರಿಗಾಗಿ ಇಟ್ಟ ಪಾದರಕ್ಷೆ ಇತ್ತು.

ಎರಡು ಶತಮಾನ ಕಳೆಯುವಷ್ಟರಲ್ಲಿ ಹಬ್ಬ ಮನೆಯೊಳಗೆ ಬಂದಿತ್ತು. 1660ರ ದಶಕದಲ್ಲಿ ಯಾನ್ ಸ್ಟೇನ್ ಬರೆದ ಸಂತ ನಿಕೋಲಾಸ ಹಬ್ಬದ ವರ್ಣಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ನಡುವೆ ಪುಟ್ಟ ಹುಡುಗಿ. ಒಂದು ತೋಳಿನಲ್ಲಿ ಗೊಂಬೆಯನ್ನು ಅವುಚಿಕೊಂಡು, ಇನ್ನೊಂದರಲ್ಲಿ ತಿಂಡಿ ತುಂಬಿದ ಪುಟ್ಟ ಬಕೆಟ್ಟನ್ನು ತೂಗಿಕೊಂಡು, ಕೈಚಾಚಿದ ತಾಯಿಗೂ ಕೊಡದೆ ನಿಂತಿದ್ದಾಳೆ. ಎಡಗಡೆ ದೊಡ್ಡ ಹುಡುಗನೊಬ್ಬ ಕಣ್ಣೊರೆಸಿಕೊಂಡು ಅಳುತ್ತಿದ್ದಾನೆ. ಅವನ ಪಾದರಕ್ಷೆಯಲ್ಲಿ ಸಿಕ್ಕಿದ್ದು ಸಿಹಿಯಲ್ಲ, ಬೆತ್ತದಂಥ ಕಡ್ಡಿ. ತಮ್ಮ ಅವನತ್ತ ಬೆರಳು ತೋರಿ ನಗುತ್ತಿದ್ದಾನೆ. ಚಿತ್ರದ ಹಿಂಭಾಗದಲ್ಲಿ, ಯಾರ ಗಮನವೂ ಇಲ್ಲದ ಕಡೆ, ಅಜ್ಜಿ ಮಂಚದ ಪರದೆ ಸರಿಸಿ ಆ ಹುಡುಗನನ್ನು ಬಾ ಎಂದು ಕರೆಯುತ್ತಿದ್ದಾಳೆ. ಪರದೆಯ ಹಿಂದೆ ಅವನಿಗೂ ಏನೋ ಇಟ್ಟಿದ್ದಾಳೆಂದು ನೋಡಿದವರಿಗೆ ಹೊಳೆಯುತ್ತದೆ.

ಈ ಒಂದು ಚಿತ್ರದಲ್ಲಿ ಎರಡು ಬದಲಾವಣೆ ಸ್ಪಷ್ಟವಾಗಿವೆ. ಉಡುಗೊರೆ ಬಡವರ ಮನೆಯಿಂದ ಸ್ವಂತ ಮಕ್ಕಳ ಕಡೆಗೆ ತಿರುಗಿದೆ. ಜೊತೆಗೆ ಪರೀಕ್ಷೆ ಸೇರಿಕೊಂಡಿದೆ: ಒಳ್ಳೆಯವರಿಗೆ ಸಿಹಿ, ತುಂಟರಿಗೆ ಬೆತ್ತ. ಮೂಲಕಥೆಯ ದಾನಿ ಇಂಥ ಲೆಕ್ಕ ಇಡಲಿಲ್ಲ. ನಿಕೋಲಾಸನ ಹಳೆಯ ಧರ್ಮ ಆ ಮನೆಯಲ್ಲಿ ಉಳಿದಿರುವುದು ಅಜ್ಜಿಯ ಆ ಕೈಸನ್ನೆಯಲ್ಲಿ.

ಈ ಚಿತ್ರಕ್ಕೂ ಮೊದಲೇ, ಪ್ರಾಟೆಸ್ಟಂಟ್ ಸುಧಾರಣೆಯ ಕಾಲದಲ್ಲಿ ಸಂತರ ಆರಾಧನೆಯನ್ನು ತಡೆಯುವ ಯತ್ನಗಳಾದವು. ಜರ್ಮನಿಯ ಹಲವೆಡೆ ಉಡುಗೊರೆ ಕೊಡುವ ಕೆಲಸ ಬಾಲಯೇಸುವಿನದಾಗಿ, ದಿನ ಡಿಸೆಂಬರ್ 6ರಿಂದ ಕ್ರಿಸ್‌ಮಸ್ ಹಿಂದಿನ ರಾತ್ರಿಗೆ ಸರಿಯಿತು. ಇಂಗ್ಲೆಂಡಿನಲ್ಲಿ ಬೇರೆಯೇ ಒಬ್ಬ ಹಬ್ಬದ ಹಿರಿಯನಿದ್ದ. 1616ರ ಬೆನ್ ಜಾನ್ಸನ್‌ನ ರಂಗಕೃತಿಯಲ್ಲಿ ಬರುವ ಆ ಕ್ರಿಸ್‌ಮಸ್ ಮುದುಕ ಊಟ, ಕೂಟ, ನಗುವಿನ ಪ್ರತಿನಿಧಿ. ಮಕ್ಕಳಿಗೆ ಉಡುಗೊರೆ ಹೊತ್ತು ತರುವವನಲ್ಲ. ಅವನೂ ನಿಕೋಲಾಸನೂ ಒಬ್ಬನೇ ಆದದ್ದು ವಿಕ್ಟೋರಿಯ ರಾಣಿಯ ಕಾಲದಲ್ಲಿ.

ಕಥೆಯ ದೊಡ್ಡ ತಿರುವು ನ್ಯೂಯಾರ್ಕಿನಲ್ಲಿ. ಆ ಊರು ಮೊದಲು ಡಚ್ಚರದು, 1664ರಲ್ಲಿ ಇಂಗ್ಲಿಷರ ಕೈಸೇರಿತು. 1809ರಲ್ಲಿ ವಾಷಿಂಗ್‌ಟನ್ ಇರ್ವಿಂಗ್ ಊರಿನ ಡಚ್ ಕಾಲವನ್ನು ಕುರಿತ ಹಾಸ್ಯಚರಿತ್ರೆಯಲ್ಲಿ ಸಂತ ನಿಕೋಲಾಸನನ್ನು ತಂದ. ಮರುವರ್ಷ ಡಿಸೆಂಬರ್ 6ರಂದು ಜಾನ್ ಪಿಂಟಾರ್ಡ್ ಅಲ್ಲಿನ ಇತಿಹಾಸ ಸಂಘದಲ್ಲಿ ಅವನ ಹೆಸರಿನ ಔತಣ ಏರ್ಪಡಿಸಿದ. 1821ರ ಮಕ್ಕಳ ಪುಸ್ತಕವೊಂದರಲ್ಲಿ ಒಂಟಿ ಹಿಮಸಾರಂಗ ಎಳೆಯುವ ಬಂಡಿ ಕಾಣಿಸಿತು. 1823ರ ಡಿಸೆಂಬರ್ 23ರಂದು ಟ್ರಾಯ್ ಎಂಬ ಊರಿನ ಪತ್ರಿಕೆಯಲ್ಲಿ ಹೆಸರಿಲ್ಲದೆ ಅಚ್ಚಾದ ಕವಿತೆಯಲ್ಲಿ ಸಾರಂಗಗಳು ಎಂಟಾದವು, ಧರ್ಮಾಧ್ಯಕ್ಷ ದುಂಡು ಹೊಟ್ಟೆಯ ನಗುಮೊಗದವನಾದ. ಕ್ಲೆಮೆಂಟ್ ಮೂರ್ ಅದನ್ನು ತನ್ನ ಸಂಕಲನಕ್ಕೆ ಸೇರಿಸಿಕೊಂಡದ್ದು 1844ರಲ್ಲಿ. ಜರ್ಮನಿಯಲ್ಲಿ ಹುಟ್ಟಿದ ಚಿತ್ರಕಾರ ಥಾಮಸ್ ನಾಸ್ಟ್ 1863ರ ಜನವರಿಯಿಂದ ಹಾರ್ಪರ್ಸ್ ವೀಕ್ಲಿ ಪತ್ರಿಕೆಗೆ ಬರೆದ ಚಿತ್ರಗಳು ಆ ರೂಪವನ್ನು ಮನೆಮನೆಗೆ ಮುಟ್ಟಿಸಿದವು. ಮೊದಲ ಚಿತ್ರದಲ್ಲೇ ತಾತ ಅಮೆರಿಕದ ಅಂತರ್ಯುದ್ಧದ ಸೈನಿಕರ ಬಿಡಾರಕ್ಕೆ ಉಡುಗೊರೆ ತಂದಿದ್ದಾನೆ. ಉತ್ತರ ಧ್ರುವದ ಮನೆಯೂ ನಾಸ್ಟನ ಚಿತ್ರಗಳಿಂದಲೇ ಬಂತು.

ಕೆಂಪು ಅಂಗಿಯನ್ನು ಕೋಕಾ ಕೋಲಾ ಕಂಪನಿ ಹುಟ್ಟಿಸಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ಆ ಕಂಪನಿಗಾಗಿ ಹ್ಯಾಡನ್ ಸಂಡ್‌ಬ್ಲಮ್ ಚಿತ್ರ ಬರೆಯತೊಡಗಿದ್ದು 1931ರಲ್ಲಿ. ಕೆಂಪು ಬಟ್ಟೆಯ ತಾತ ಅದಕ್ಕೂ ಹಲವು ದಶಕ ಮೊದಲೇ ಇದ್ದ. ಜಾಹೀರಾತು ಅವನನ್ನು ಜಗತ್ತಿಗೆಲ್ಲ ಒಂದೇ ಮುಖದವನನ್ನಾಗಿ ಮಾಡಿತು ಎನ್ನುವುದು ಸರಿಯಾದ ಮಾತು.

ಇನ್ನು ಕೊನೆಯ ಭಾಗ, ನಮ್ಮ ಊರು. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದು ನೆಲೆಸಿತು, ಆ ವರ್ಷಗಳಲ್ಲೇ ಸಂತ ಮಾರ್ಕರ ಚರ್ಚ್ ಎದ್ದಿತು. ಇಂಗ್ಲೆಂಡಿನ ಹಬ್ಬದ ಹಿರಿಯ ಬಂದದ್ದು ಆ ದಾರಿಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ತವರು ಜರ್ಮನ್ ಮಾತಾಡುವ ನಾಡು, ಬಾಲಯೇಸುವಿನ ಉಡುಗೊರೆಯ, ಕ್ರಿಸ್‌ಮಸ್ ಮರದ ನಾಡು. ಆ ಮಿಷನ್ನಿನ ಕಿಟೆಲರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡುವಂತೆ ಕಥಾಮಾಲೆ ಬರೆದರು. ಬೆಂಗಳೂರು ಪೇಟೆಯ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್, 1904ರ ಹಡ್ಸನ್ ಸ್ಮಾರಕ ಚರ್ಚುಗಳಲ್ಲಿ ಕನ್ನಡದಲ್ಲೇ ಹಬ್ಬ ನಡೆದುಬಂದಿದೆ. ಡಿಸೆಂಬರಿನ ರಾತ್ರಿಗಳಲ್ಲಿ ಕ್ಯಾರಲ್ ಹಾಡುವ ತಂಡ ಮನೆಮನೆಗೆ ಬರುತ್ತದೆ. ಮುಂದೆ ಹತ್ತಿಗಡ್ಡದ ತಾತ ಕುಣಿಯುತ್ತ ಮಕ್ಕಳ ಕೈಗೆ ಪೆಪ್ಪರ್‌ಮಿಂಟು ಹಾಕುತ್ತಾನೆ.

ಕನ್ನಡ ಕ್ರೈಸ್ತರ ಮನೆಗಳಲ್ಲಿ ಹಬ್ಬದ ಕೇಂದ್ರ ಆ ತಾತನಲ್ಲ, ಬಾಲಯೇಸುವಿನ ಗೋದಲಿ. ಕೊಡುವ ಸಂತೋಷ ಹರಿಯುವುದು ಅಕ್ಕಪಕ್ಕದವರಿಗೆ ಹೋಗುವ ತಟ್ಟೆಗಳಲ್ಲಿ. ಮಂಗಳೂರಿನ ಕ್ಯಾಥೊಲಿಕರು ಇದನ್ನು ಕುಸ್ವಾರ್ ಎನ್ನುತ್ತಾರೆ: ನೆವ್ರಿ, ಕಿಡಿಯೊ, ಗುಳಿಯೊ, ಅಚ್ಚಿನ ಗುಲಾಬಿ ತಿಂಡಿ. ನಮ್ಮ ಬಡಾವಣೆಗಳ ಅಯ್ಯಂಗಾರ್ ಬೇಕರಿಗಳಲ್ಲೂ ಈ ದಿನಗಳಲ್ಲಿ ಪ್ಲಮ್ ಕೇಕ್ ಕಾಣುತ್ತದೆ.

ಕ್ರಿಸ್‌ಮಸ್ ಆಗಿ ಮೂರು ವಾರ ಕಳೆದರೆ ಸಂಕ್ರಾಂತಿ. ಆಗ ಬೆಂಗಳೂರಿನ ಬಸವನಗುಡಿಯ ಬೀದಿಗಳಲ್ಲಿ ಹೊಸ ಲಂಗ ಉಟ್ಟ ಪುಟ್ಟ ಹೆಣ್ಣುಮಕ್ಕಳು ತಟ್ಟೆ ಹಿಡಿದು ಎಳ್ಳು ಬೀರಲು ಹೊರಡುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಸಕ್ಕರೆ ಅಚ್ಚು, ಕಬ್ಬಿನ ತುಂಡು. ಇಲ್ಲಿ ಮಗು ಉಡುಗೊರೆಗಾಗಿ ಕಾಯುವುದಿಲ್ಲ, ಅದೇ ಕೊಡುವವರ ಪ್ರತಿನಿಧಿಯಾಗಿ ಬಾಗಿಲಿಗೆ ಬರುತ್ತದೆ. ಕೊಡುವ ಕೈಯನ್ನು ಬಾಲ್ಯದಲ್ಲೇ ಪಳಗಿಸುವ ಈ ಪದ್ಧತಿ ದೊಡ್ಡ ಶಿಕ್ಷಣ. ಕ್ರಿಸ್‌ಮಸ್ ತಟ್ಟೆಯೂ ಎಳ್ಳಿನ ತಟ್ಟೆಯೂ ಒಂದೇ ಬೀದಿಯಲ್ಲಿ ಓಡಾಡುವುದು ಈ ಊರಿನ ಭಾಗ್ಯ.

ದಾನದ ವಿಷಯದಲ್ಲಿ ಕನ್ನಡ ನಾಡು ಎರಡು ಮಾದರಿಗಳನ್ನು ಕಟ್ಟಿಕೊಂಡಿದೆ. ಮೊದಲನೆಯದು ಹೆಸರಿಟ್ಟು ಕೊಡುವುದು. ರೈಸ್ ಸ್ಮಾರಕ ಚರ್ಚಿಗೆ ಹೆಸರು ಕೊಟ್ಟ ಪಾದ್ರಿ ಬೆಂಜಮಿನ್ ರೈಸರ ಮಗ ಬಿ.ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸಂಗ್ರಹಿಸಿದ ಸಾವಿರಾರು ಶಾಸನಗಳಲ್ಲಿ ಬಹುಪಾಲು ಇಂಥ ದತ್ತಿಗಳ ದಾಖಲೆ. ಕೆರೆಗೆ, ದೇಗುಲಕ್ಕೆ, ಬಸದಿಗೆ, ಓದಿಸುವವರಿಗೆ ಯಾರು ಎಷ್ಟು ಕೊಟ್ಟರೆಂದು ಕಲ್ಲು ಹೇಳುತ್ತದೆ. ಅತ್ತಿಮಬ್ಬೆಯನ್ನು ನೆನೆಯಿರಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳು, ರನ್ನನಿಗೆ ಆಶ್ರಯವಿತ್ತವಳು. ರನ್ನನ ಅಜಿತಪುರಾಣ 993ರದು, ಅವಳ ಬಸದಿಯ ಲಕ್ಕುಂಡಿ ಶಾಸನ 1007ರದು. ನಿಕೋಲಾಸನಿಗೆ ಇಲ್ಲದ ಸಮಕಾಲೀನ ಸಾಕ್ಷ್ಯ ಅವಳಿಗಿದೆ. ಆ ಶಾಸನದಲ್ಲೇ ಗೋದಾವರಿಯ ಪ್ರವಾಹ ಅವಳಿಗಾಗಿ ನಿಂತಂಥ ಪವಾಡಗಳೂ ಸೇರಿವೆ. ದಾನಿಯ ಸುತ್ತ ಪವಾಡ ಬೆಳೆಯಲು ಶತಮಾನಗಳೇ ಬೇಕಿಲ್ಲ, ಜನರ ಕೃತಜ್ಞತೆ ಸಾಕು. ಹೆಸರಿಟ್ಟು ಕೊಡುವುದಕ್ಕೆ ಒಂದು ಬಲವಿದೆ: ಮುಂದಿನವರು ಅದನ್ನು ಕಾಯಲೇಬೇಕಾಗುತ್ತದೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ನೂರಾರು ದತ್ತಿಗಳೂ ಇಂದಿನ ಈ ದತ್ತಿಯೂ ಅದೇ ಪರಂಪರೆಯವು.

ಎರಡನೆಯದು ಗುಟ್ಟಾಗಿ ಕೊಡುವುದು. ಪುರಂದರದಾಸರ ಬಗ್ಗೆ ನಾವೆಲ್ಲ ಕೇಳಿದ ಐತಿಹ್ಯ ಇದೆ. ಮಗನ ಉಪನಯನಕ್ಕೆ ಹಣ ಬೇಕೆಂದು ಬಡ ಬ್ರಾಹ್ಮಣನೊಬ್ಬ, ಮುಂದೆ ಪುರಂದರದಾಸರಾದ ಶ್ರೀನಿವಾಸ ನಾಯಕನ ಅಂಗಡಿಗೆ ಅಲೆದಲೆದು ಸೋತು, ಅವನ ಹೆಂಡತಿ ಸರಸ್ವತಿಯ ಬಳಿ ಬರುತ್ತಾನೆ. ಗಂಡನಿಗೆ ತಿಳಿಯದಂತೆ ಆಕೆ ತವರಿನ ಮೂಗುತಿಯನ್ನು ಬಿಚ್ಚಿಕೊಡುತ್ತಾಳೆ. ಅದು ಗಂಡನ ಅಂಗಡಿಗೇ ಬಂದು, ಅವನು ಅನುಮಾನಗೊಂಡು, ಆಕೆ ವಿಷ ಕುಡಿಯಲು ಹೊರಟಾಗ ಬಟ್ಟಲಿನಲ್ಲಿ ಮೂಗುತಿ ಸಿಗುವುದು, ಅಂಗಡಿಯ ಪೆಟ್ಟಿಗೆ ಬರಿದಾಗಿರುವುದು, ಬಂದವನು ವಿಠಲನೆಂದು ನಾಯಕನಿಗೆ ಹೊಳೆದು ಎಲ್ಲವನ್ನೂ ಬಿಟ್ಟು ಹೊರಡುವುದು ನಮಗೆ ಗೊತ್ತು. ನಿಕೋಲಾಸನ ಕಥೆಯಲ್ಲಿ ಮದುವೆ, ಇಲ್ಲಿ ಉಪನಯನ. ಎರಡೂ ಕಡೆ ಮರ್ಯಾದಸ್ಥ ಬಡವನೊಬ್ಬನ ಮನೆಯ ಶುಭಕಾರ್ಯ ನಿಂತುಹೋಗುವ ಹೊತ್ತು, ಎರಡೂ ಕಡೆ ಹೆಸರು ಬೇಡದ ಕೈ. ಒಂದು ಕಥೆ ಇನ್ನೊಂದಕ್ಕೆ ಸಾಲ ಕೊಟ್ಟಿತೆಂದು ನಾನು ಹೇಳುತ್ತಿಲ್ಲ. ಬಡತನದ ನೋವು ಎಲ್ಲ ಕಡೆ ಒಂದೇ ಆದ್ದರಿಂದ ಅದಕ್ಕೆ ಸಲ್ಲುವ ದಾನದ ಕಲ್ಪನೆಯೂ ಒಂದೇ ಆಯಿತು.

ಹಿರಿಯರೇ, ನಾನು ಹೇಳಬೇಕಾದದ್ದರ ಸಾರ ಇಷ್ಟು. ಕ್ರಿಸ್‌ಮಸ್ ತಾತನ ಮೂಲವನ್ನು ಉತ್ತರ ಧ್ರುವದಲ್ಲೋ ಜಾಹೀರಾತಿನಲ್ಲೋ ಹುಡುಕಬೇಕಿಲ್ಲ. ಅದು ಪಡೆಯುವವರ ಮಾನ ಕಾಯುವುದಕ್ಕಾಗಿ ಕೊಡುವವನು ಮರೆಯಾದ ಒಂದು ರಾತ್ರಿಯಲ್ಲಿದೆ. ಇಂದಿಗೂ ತಂದೆತಾಯಿ ತಾವು ಕೊಂಡು ತಂದ ಉಡುಗೊರೆಯನ್ನು ತಾತ ತಂದನೆಂದು ಹೇಳಿ, ಮಗುವಿನ ಕೃತಜ್ಞತೆಯನ್ನು ತಾವು ಪಡೆಯದೆ ಬಿಟ್ಟುಕೊಡುತ್ತಾರೆ. ಆ ಮಟ್ಟಿಗೆ ಗುಟ್ಟು ಉಳಿದಿದೆ. ಉಳಿಯದೆ ಹೋದದ್ದು ದಿಕ್ಕು: ಗಂಟು ಬೀಳಬೇಕಾದ ಕಿಟಕಿ ಕಷ್ಟದಲ್ಲಿರುವವರ ಮನೆಯದಾಗಿತ್ತು.

ಆದ್ದರಿಂದ ಎರಡು ವಿನಂತಿ ಮಾಡುತ್ತೇನೆ. ಶಿಕ್ಷಕರು ಮಕ್ಕಳಿಗೆ ತಾತನ ಚಿತ್ರ ಬರೆಸುವಾಗ ಮೂವರು ಹೆಣ್ಣುಮಕ್ಕಳ ಮನೆಯ ಕಥೆಯನ್ನೂ, ಮುಂದಿನ ತಿಂಗಳ ಎಳ್ಳು ಬೀರುವ ತಟ್ಟೆಯ ಅರ್ಥವನ್ನೂ ಒಟ್ಟಿಗೆ ಹೇಳಿಕೊಡಲಿ. ದೊಡ್ಡವರಾದ ನಾವು ಶಾಲೆಯ ಶುಲ್ಕ ಕಟ್ಟಲಾಗದ ಮನೆಗೆ, ಔಷಧಿಗೆ ಪರದಾಡುವ ಮನೆಗೆ ನೆರವಾಗುವಾಗ ಫೋಟೊ, ಫಲಕ, ಪ್ರಕಟಣೆಗಳನ್ನು ಬಿಡೋಣ. ಸಂಸ್ಥೆಗೆ ಕೊಡುವುದನ್ನು ಹೆಸರಿಟ್ಟು ಕೊಡೋಣ, ಮುಂದಿನವರು ಕಾಯಲಿ. ಮನುಷ್ಯರಿಗೆ ಕೊಡುವುದನ್ನು ಹೆಸರಿಲ್ಲದೆ ಕೊಡೋಣ, ಅವರು ತಲೆಯೆತ್ತಿ ಬಾಳಲಿ. ಈ ವಿವೇಕಕ್ಕೆ ಯಾವ ಧರ್ಮದ ಗಡಿಯೂ ಇಲ್ಲ.